ಮೂಳೆಯ ಮೇಲೆ ಬರೆದ ಇಂಗ್ಲಿಷ್

ಒಂದು ಹಳೇ ಎಕ್ಸ್-ರೇ ಫಿಲ್ಮ್. ಅದರಲ್ಲಿ ಯಾರದ್ದೋ ಪಕ್ಕೆಲುಬು. ಕತ್ತರಿ ತಗೊಂಡು ಅದನ್ನ ದುಂಡಗೆ ಕತ್ತರಿಸೋದು, ನಡುವೆ ಸಿಗರೇಟಿನ ಬೆಂಕಿಯಿಂದ ಒಂದು ತೂತು ಸುಡೋದು, ಆಮೇಲೆ ಅದರ ಮೇಲೆ ಅಮೆರಿಕದ ಒಂದು ಹಾಡನ್ನ ಕೊರೆಯೋದು. ತಮಾಷೆ ಅಲ್ಲ ವೀಕ್ಷಕರೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್, ಮಾಸ್ಕೋದಲ್ಲಿ ಹುಡುಗರು ಗುಟ್ಟಾಗಿ ಕೊಂಡು ಕೇಳ್ತಿದ್ದ ಗ್ರಾಮಫೋನ್ ತಟ್ಟೆ ಇದೇ. ಆಸ್ಪತ್ರೆಯವರು ಬೇಡ ಅಂತ ಎಸೀತಿದ್ದ ಫಿಲ್ಮು ಇವರಿಗೆ ಬಂಡವಾಳ. ಒಂದೇ ಬದಿ, ಒಂದೇ ಹಾಡು, ಕೆಲವು ಸಲ ಹಾಕಿದರೆ ಸವೆದೇ ಹೋಗುತ್ತೆ. ಜನ ಇದಕ್ಕಿಟ್ಟ ಹೆಸರು ‘ಮೂಳೆಯ ಮೇಲಿನ ಸಂಗೀತ’. ಈ ತಟ್ಟೆ ಮಾಡ್ತಿದ್ದ ಲೆನಿನ್‌ಗ್ರಾಡ್‌ನ ರುಸ್ಲಾನ್ ಬೊಗೊಸ್ಲೋವ್ಸ್ಕಿ 1950ರಲ್ಲಿ ಜೈಲಿಗೆ ಹೋದ. ಸ್ಟಾಲಿನ್ ಸತ್ತ ಮೇಲೆ ಹೊರಗೆ ಬಂದ, ಬಂದವನೇ ಮತ್ತೆ ಅದೇ ಕೆಲಸ ಶುರು ಮಾಡಿದ.

ನಾನು ಇವತ್ತು ಹೇಳೋಕೆ ಹೊರಟಿದ್ದು ಸಂಗೀತದ ಕಥೆ ಅಲ್ಲ, ಭಾಷೆಯ ಕಥೆ. ಆ ತಟ್ಟೆಯ ಮೇಲೆ ಹಾಡಿನ ಜೊತೆ ಇನ್ನೊಂದು ಸರಕೂ ಗಡಿ ದಾಟಿ ಬಂತು. ಅದು ಇಂಗ್ಲಿಷ್.

ಹಾಗಂತ ಸೋವಿಯತ್ ಶಾಲೆಗಳಲ್ಲಿ ಇಂಗ್ಲಿಷ್ ಇರಲಿಲ್ಲ ಅಂತಲ್ಲ. ಇತ್ತು. ವ್ಯಾಕರಣ ಇತ್ತು, ಅನುವಾದ ಇತ್ತು, ಪರೀಕ್ಷೆ ಇತ್ತು. ಮಾತಾಡೋಕೆ ಒಬ್ಬ ಮನುಷ್ಯ ಇರಲಿಲ್ಲ, ಅಷ್ಟೇ. ಪಾಠ ಹೇಳೋ ಬಹುಪಾಲು ಮೇಷ್ಟ್ರುಗಳೇ ಇಂಗ್ಲಿಷಿನವನೊಬ್ಬನ ಮುಖ ಕಂಡವರಲ್ಲ. ಭಾಷೆ ಕಿವಿಗೆ ಬೀಳೋದು ಹೇಗೆ?

ಬಿದ್ದಿದ್ದು ಶಾರ್ಟ್‌ವೇವ್ ರೇಡಿಯೋದಿಂದ. 1955ರ ಜನವರಿಯಲ್ಲಿ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕೋನೋವರ್ ಅನ್ನೋ ನಿರೂಪಕ ಜಾಝ್ ಕಾರ್ಯಕ್ರಮ ಶುರು ಮಾಡಿದರು. ಗಂಭೀರ ಕಂಠ. ಒಂದೊಂದು ಪದವನ್ನೂ ಬಿಡಿಸಿ, ನಿಧಾನಕ್ಕೆ ಹೇಳೋರು. ತನ್ನ ಕೇಳುಗರಿಗೆ ಇಂಗ್ಲಿಷ್ ಮನೆಮಾತಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. (ನಮ್ಮ ಚಾನೆಲ್‌ಗಳ ಚರ್ಚೆ ಕೇಳಿ ಯಾರಾದರೂ ಕನ್ನಡ ಕಲಿಯಬಹುದಾ ಅಂತ ನನಗೆ ಆಗಾಗ ಅನುಮಾನ ಬರುತ್ತೆ. ಅದಿರಲಿ.) ಸೋವಿಯತ್ ಸರ್ಕಾರ ವಿದೇಶಿ ಕೇಂದ್ರಗಳ ರಷ್ಯನ್ ಭಾಷೆಯ ಪ್ರಸಾರಕ್ಕೆ ಗೊರಗೊರ ಸದ್ದು ತುಂಬಿ ಅಡ್ಡಿ ಮಾಡ್ತಿತ್ತು. ಇಂಗ್ಲಿಷ್‌ನಲ್ಲಿದ್ದ ಈ ಸಂಗೀತ ಕಾರ್ಯಕ್ರಮಕ್ಕೆ ಅಷ್ಟು ಕಾಟ ಇರಲಿಲ್ಲ.

1959ರಲ್ಲಿ ಕೋನೋವರ್ ಪೋಲೆಂಡಿಗೆ ಹೋದರು. ವಾರ್ಸಾದಲ್ಲಿ ವಿಮಾನ ಇಳಿದು ನೋಡಿದರೆ ಜನಜಂಗುಳಿ, ಹೂವು, ಕ್ಯಾಮೆರಾ. ಯಾರೋ ದೊಡ್ಡ ಮನುಷ್ಯರು ಬರ್ತಿರಬೇಕು ಅಂದುಕೊಂಡರಂತೆ. ನೋಡಿದರೆ ಎಲ್ಲಾ ಅವರಿಗೇ! ಅವರ ಸ್ವಂತ ದೇಶದಲ್ಲಿ ಈ ಹೆಸರು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಕಾರಣ, ವಾಯ್ಸ್ ಆಫ್ ಅಮೆರಿಕ ಅಮೆರಿಕದೊಳಗೆ ಪ್ರಸಾರ ಮಾಡೋ ಹಾಗಿರಲಿಲ್ಲ, 1948ರ ಕಾನೂನು.

ಅರವತ್ತರ ದಶಕದಲ್ಲಿ ಬೀಟಲ್ಸ್ ಬಂದರು. ಬಂದರು ಅಂದರೆ ಹಾಡು ಬಂತು, ಆ ನಾಲ್ವರು ಒಟ್ಟಾಗಿ ಅಲ್ಲಿಗೆ ಕಾಲೇ ಇಡಲಿಲ್ಲ. ಎಕ್ಸ್-ರೇ ತಟ್ಟೆಯ ಜಾಗಕ್ಕೆ ಟೇಪ್ ರೆಕಾರ್ಡರ್ ಬಂದಿತ್ತು. ಒಬ್ಬ ರೇಡಿಯೋದಿಂದ ಹಿಡಿದ, ಅವನಿಂದ ಇನ್ನೊಬ್ಬ ನಕಲು, ಅವನಿಂದ ಮತ್ತೊಬ್ಬ. ಎಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತು: ಇಂಥ ಪ್ರತಿ ನಕಲಿನಲ್ಲೂ ಮೊದಲು ಸಾಯೋದು ಮೇಲಿನ ಫ್ರೀಕ್ವೆನ್ಸಿ. ಅಂದರೆ ಸ್, ಫ್, ತ್ ಥರದ ಸದ್ದುಗಳು. ಇಂಗ್ಲಿಷ್‌ನಲ್ಲಿ ಒಂದು ಪದವನ್ನ ಇನ್ನೊಂದರಿಂದ ಬೇರೆ ಮಾಡೋದೇ ಬಹಳ ಸಲ ಇವು! ಐದನೇ ನಕಲು ಕೇಳೋ ಹುಡುಗನಿಗೆ ಸಿಗೋದು ಸ್ವರ ಮತ್ತು ತಾಳ. ಉಳಿದದ್ದನ್ನ ಊಹಿಸಬೇಕು.

ಹಾಗಾಗಿ ಅವರು ಒಟ್ಟಿಗೆ ಕೂತು ಊಹಿಸಿದರು. ಟೇಪ್ ಹಿಂದಕ್ಕೆ ಓಡಿಸೋದು, ಕೇಳೋದು, ರಷ್ಯನ್ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಬರೆಯೋದು, ಜಗಳ ಆಡೋದು, ಮತ್ತೆ ಓಡಿಸೋದು. ಇಂಗ್ಲಿಷ್ ಸ್ವಲ್ಪ ಜಾಸ್ತಿ ಬಲ್ಲವನೇ ಆ ಗುಂಪಿನ ಗುರು. ಗುರು ತಪ್ಪಿದರೆ ಎಲ್ಲರೂ ತಪ್ಪಿದರು. ಆ ನೋಟ್‌ಬುಕ್ ಕೈಯಿಂದ ಕೈಗೆ ಹೋಗಿ, ತಪ್ಪೂ ಊರೂರು ಸುತ್ತಿತು. ರಷ್ಯನ್‌ನಲ್ಲಿ ಇಂಗ್ಲಿಷಿನ ‘ದ’ ಸದ್ದಿಲ್ಲ, ಅದು ‘ಝೆ’ ಆಯ್ತು. ‘ಹ’ ಇಲ್ಲ, ಗಂಟಲಲ್ಲಿ ಉಜ್ಜಿ ಬರೋ ‘ಖ’ ಆಯ್ತು. ‘ಕಾಂಟ್ ಬೈ ಮಿ ಲವ್’ ಅನ್ನೋ ಪ್ರಸಿದ್ಧ ಶೀರ್ಷಿಕೆ ರಷ್ಯನ್ ಬಾಯಲ್ಲಿ ‘ಕಿನ್ ಬಾಬೆ ಲೋಮ್’ ಆಗಿಬಿಟ್ಟಿತು. ಅರ್ಥ ಏನು ಗೊತ್ತಾ? ‘ಹೆಂಗಸಿಗೆ ಹಾರೆ ಎಸಿ!’ ಪ್ರೀತಿಯ ಹಾಡಿಗೆ ಹಾರೆ. ರಷ್ಯನ್ನರು ಇವತ್ತಿಗೂ ಇದನ್ನ ಹೇಳಿಕೊಂಡು ನಗ್ತಾರೆ.

ಇಲ್ಲಿ ನಗು ಮಾತ್ರ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತೆ. ಹಾಡಿನಿಂದ ಎತ್ತಿಕೊಂಡ ಪದಗಳನ್ನ ಇವರು ತಮ್ಮ ತಮ್ಮಲ್ಲೇ ಬಳಸೋಕೆ ಶುರು ಮಾಡಿದರು. ಹುಡುಗಿ ‘ಗೆರ್ಲಾ’ ಆದಳು, ಉದ್ದ ಕೂದಲು ‘ಖಾಯೆರ್’, ಮನೆ ‘ಫ್ಲೆಟ್’, ಸಂಗೀತ ಗೋಷ್ಠಿ ‘ಸೇಶನ್’. ಬೀದಿಯಲ್ಲಿ ಕಾಸು ಕೇಳೋದು ‘ಆಸ್ಕತ್’. ‘ಆಸ್ಕ್’ ಪದಕ್ಕೆ ರಷ್ಯನ್ ಬಾಲ! ಬೂಟು ‘ಶೂಝಿ’. ಶೂ ಅಲ್ಲ ನೋಡಿ, ಶೂಸ್ ಅನ್ನೋ ಬಹುವಚನಕ್ಕೆ ಮತ್ತೆ ರಷ್ಯನ್ ಬಹುವಚನ. ನಾವೂ ‘ಶೂಸ್‌ಗಳು’ ಅಂತೀವಲ್ಲ, ಅದೇ ಬುದ್ಧಿ. ಲಂಡನ್ನಿನವನಿಗೆ ಈ ಇಂಗ್ಲಿಷ್ ಅರ್ಥ ಆಗ್ತಿತ್ತಾ? ಇಲ್ಲ. ಆಗಬೇಕಾಗೂ ಇರಲಿಲ್ಲ. ‘ಶೂಝಿ’ ಅಂದವನು ನಮ್ಮವನು, ಪುಸ್ತಕದ ಉಚ್ಚಾರ ಮಾಡಿದವನು ಹೊರಗಿನವನು. ಶಾಲೆಯಲ್ಲಿ ಐದಕ್ಕೆ ಐದು ತಗೊಂಡವನೂ ಈ ಗುಂಪಿಗೆ ಬಂದರೆ ಮತ್ತೆ ಮೊದಲಿಂದ ಕಲೀಬೇಕಿತ್ತು.

ಇದಕ್ಕೆ ಬೆಲೆಯೂ ಇತ್ತು. 1949ರಲ್ಲೇ ‘ಕ್ರೊಕೊಡಿಲ್’ ಅನ್ನೋ ಸರ್ಕಾರಿ ವಿಡಂಬನೆ ಪತ್ರಿಕೆ ಇಂಥ ಹುಡುಗರಿಗೆ ‘ಸ್ಟಿಲ್ಯಾಗಾ’, ಅಂದರೆ ಸ್ಟೈಲ್ ಮಾಡೋನು, ಅಂತ ಹೆಸರಿಟ್ಟು ಗೇಲಿ ಮಾಡಿತ್ತು. ಆಮೇಲೂ ಉದ್ದ ಕೂದಲಿಗೆ ಕತ್ತರಿ, ಪಕ್ಷದ ಯುವ ಸಂಘಟನೆ ಕೊಮ್ಸೊಮೋಲ್‌ನಲ್ಲಿ ವಿಚಾರಣೆ. ಕೊಮ್ಸೊಮೋಲ್‌ನಿಂದ ಹೊರಬಿದ್ದರೆ ಕಾಲೇಜು, ಕೆಲಸ ಎಲ್ಲಕ್ಕೂ ಕಲ್ಲು ಬಿದ್ದ ಹಾಗೆ. ಒಂದು ಹಾಡಿನ ಸಾಲು ಸರಿಯಾಗಿ ಕೇಳಿಸಿಕೊಳ್ಳೋ ಆಸೆಗೆ ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡರಲ್ಲ, ಅದು ನನಗೆ ಹಾಡಿಗಿಂತ ದೊಡ್ಡದು ಅನ್ನಿಸುತ್ತೆ.

1969ರಲ್ಲಿ ಮಾಸ್ಕೋದಲ್ಲಿ ಆಂದ್ರೇ ಮಕರೇವಿಚ್ ಮತ್ತು ಗೆಳೆಯರು ಒಂದು ತಂಡ ಕಟ್ಟಿದರು. ಹೆಸರು ಇಂಗ್ಲಿಷ್‌ನಲ್ಲೇ, ‘ಟೈಮ್ ಮಶೀನ್ಸ್’. ಮೊದಲ ಹಾಡುಗಳೂ ಇಂಗ್ಲಿಷ್‌ನಲ್ಲೇ. ರಾಕ್ ಅಂದರೆ ಇಂಗ್ಲಿಷ್‌ನಲ್ಲೇ ಇರಬೇಕು ಅನ್ನೋದು ಆಗಿನ ಅನೇಕ ತಂಡಗಳ ನಂಬಿಕೆ. ಪದ ಗೊತ್ತಿಲ್ಲದ ಕಡೆ ಇಂಗ್ಲಿಷಿನ ಥರ ಕೇಳಿಸೋ ಏನೋ ಒಂದನ್ನ ಹಾಡಿ ಮುಗಿಸ್ತಿದ್ದವರೂ ಇದ್ದರು. ಕೆಲವೇ ವರ್ಷದಲ್ಲಿ ಮಕರೇವಿಚ್ ರಷ್ಯನ್‌ಗೆ ಹೊರಳಿದರು, ತಂಡ ‘ಮಶೀನಾ ವ್ರೆಮೆನಿ’ ಆಯ್ತು, ದೇಶಕ್ಕೆ ದೇಶವೇ ಹಾಡಿತು.

2003ರ ಮೇ 24. ಮಾಸ್ಕೋದ ಕೆಂಪು ಚೌಕ. ಪಾಲ್ ಮೆಕಾರ್ಟ್ನಿ ವೇದಿಕೆ ಮೇಲೆ, ಪಕ್ಕದಲ್ಲೇ ಲೆನಿನ್ ಸಮಾಧಿ. ನೋಡೋಕೆ ಬಂದವರಲ್ಲಿ ಅಧ್ಯಕ್ಷ ಪುಟಿನ್ ಕೂಡ ಒಬ್ಬರು, ಹಳೇ ಕೆಜಿಬಿ ಅಧಿಕಾರಿ. ‘ಬ್ಯಾಕ್ ಇನ್ ದ ಯುಎಸ್ಎಸ್ಆರ್’ ಹಾಡನ್ನ ಅವತ್ತು ಮೆಕಾರ್ಟ್ನಿ ಎರಡು ಸಲ ಹಾಡಿದರು. ಕೆಳಗೆ ತಲೆ ನರೆತವರು ಜೊತೆಗೇ ಹಾಡ್ತಿದ್ದರು, ನೋಟ್‌ಬುಕ್ಕಿನ ಕಾಲದ ಅದೇ ‘ಝೆ’ ಉಚ್ಚಾರದಲ್ಲಿ.