ಶಿರಾ ಬಿಟ್ಟು ಗುಬ್ಬಿ ಕಡೆ ತಿರುಗಿದ ರೈಲು

ಈ ಎಪಿಸೋಡ್ ಕೇಳ್ತಾ ಕೇಳ್ತಾನೇ ಒಂದು ಕೆಲಸ ಮಾಡಿ. ಫೋನಲ್ಲಿ ಮ್ಯಾಪ್ ಓಪನ್ ಮಾಡಿ, ತುಮಕೂರಿಗೆ ಬನ್ನಿ. ಬೆಂಗಳೂರಿಂದ ಹೊರಟ ಹೆದ್ದಾರಿ, ರೈಲು ಹಳಿ ಎರಡೂ ತುಮಕೂರು ತನಕ ಬರ್ತವೆ. ಅಲ್ಲಿಂದ ದಾರಿ ಬೇರೆ. ಹೆದ್ದಾರಿ ಉತ್ತರಕ್ಕೆ ಹೋಗುತ್ತೆ: ಶಿರಾ, ಹಿರಿಯೂರು, ಚಿತ್ರದುರ್ಗ. ಹಳಿ ಪಶ್ಚಿಮಕ್ಕೆ ತಿರುಗುತ್ತೆ: ಗುಬ್ಬಿ, ತಿಪಟೂರು, ಅರಸೀಕೆರೆ. ಎರಡೂ ಮತ್ತೆ ಒಟ್ಟಿಗೆ ಸಿಗೋದು ದಾವಣಗೆರೆಯಲ್ಲಿ.

ಈಗ ಮ್ಯಾಪನ್ನ ಸ್ವಲ್ಪ ಪೂರ್ವಕ್ಕೆ ಎಳೀರಿ. ಅಲ್ಲೊಂದು ಹಳಿ ಕಾಣುತ್ತೆ. ಬೆಂಗಳೂರಿಂದ ಗೌರಿಬಿದನೂರು, ಹಿಂದೂಪುರ ಮೇಲೆ ಗುಂತಕಲ್ ಕಡೆಗೆ ಹೋಗೋದು. ಈ ಎರಡು ಹಳಿಗಳ ನಡುವೆ ಉಳಿದುಹೋದ ಜಾಗ ಇದೆಯಲ್ಲ, ಅದೇ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ. ಇಪ್ಪತ್ತನೇ ಶತಮಾನ ಇಡೀ ಮುಗಿದರೂ ಈ ನಾಲ್ಕು ಪೇಟೆಗಳಲ್ಲಿ ಒಂದಕ್ಕೂ ರೈಲು ಬರಲಿಲ್ಲ. ಇವತ್ತು ಮಾತಾಡೋದು ಆ ಖಾಲಿ ಜಾಗದ ಬಗ್ಗೆ.

ಈ ನಾಲ್ಕು ತಾಲ್ಲೂಕಿನ ಹೆಸರು ಪೇಪರ್‌ನಲ್ಲಿ ಬಂದರೆ ಪಕ್ಕದಲ್ಲೇ 'ಹಿಂದುಳಿದ', 'ಬರಪೀಡಿತ' ಅಂತ ಇರುತ್ತೆ. ಮಳೆ ಕಮ್ಮಿ, ನಿಜ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಅದೂ ನಿಜ. ಆದರೆ 'ಹಿಂದುಳಿದ' ಅನ್ನೋದು ಹುಟ್ಟಿಂದಲೇ ಬಂದ ಹಣೆಬರಹ ಅನ್ನೋ ಥರ ಮಾತಾಡ್ತಾರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ಶಿರಾನೇ ತಗೊಳ್ಳಿ. 1687ರಲ್ಲಿ ಮೊಘಲರು ಈ ಭಾಗ ಹಿಡಿದ ಮೇಲೆ ಶಿರಾ ಒಂದು ಸುಬಾದ ರಾಜಧಾನಿ ಆಯ್ತು. ಸುಬಾ ಅಂದ್ರೆ ಪ್ರಾಂತ್ಯ. ಇವತ್ತಿನ ಕರ್ನಾಟಕದ ದೊಡ್ಡ ಭಾಗದ ಆಡಳಿತ, ಕಂದಾಯ ಎಲ್ಲ ಇಲ್ಲಿಂದ ನಡೀತಿತ್ತು. ಅಲ್ಲಿನ ಜುಮ್ಮಾ ಮಸೀದಿ, ಮಲಿಕ್ ರಿಹಾನ್ ಗೋರಿ ಈಗಲೂ ನಿಂತಿವೆ, ಹೋದರೆ ನೋಡಿ. 1761ರಲ್ಲಿ ಹೈದರಾಲಿ ಶಿರಾವನ್ನ ತನ್ನ ಕೈಗೆ ತಗೊಂಡ. ಟಿಪ್ಪು ಕಾಲದಲ್ಲಿ ಶಿರಾದ 12,000 ಕುಟುಂಬಗಳನ್ನ ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದರು ಅಂತ ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ಹೇಳುತ್ತೆ. ಹಾಗಾಗಿ ಎಲ್ಲ ತಪ್ಪನ್ನೂ ರೈಲಿನ ತಲೆಗೆ ಕಟ್ಟೋಕಾಗಲ್ಲ. ರೈಲು ಬರೋ ಮುಂಚೆನೇ ಶಿರಾ ಅರ್ಧ ಸೊರಗಿತ್ತು. ಆದರೂ ಬೆಂಗಳೂರಿಂದ ಪುಣೆ ಕಡೆಗೆ ಹೋಗೋ ದಾರಿ ಅದರ ಮೇಲೇ ಇತ್ತು. ದಾರಿ ಇರೋ ತನಕ ಊರು ಹೇಗೋ ಬದುಕುತ್ತೆ.

ಆಮೇಲೆ ಬಂತು 1876–78ರ ಬರ. ನಮ್ಮ ಅಜ್ಜಿಯಂದಿರ ಬಾಯಲ್ಲಿ 'ಧಾತು ವರ್ಷದ ಬರ'. ಸುಮಾರು ಐವತ್ತು ಲಕ್ಷ ಜನ ಇದ್ದ ಮೈಸೂರು ಸಂಸ್ಥಾನ ಹತ್ತು ಲಕ್ಷದಷ್ಟು ಜನರನ್ನ ಕಳಕೊಂಡಿತು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸೋಕೆ ಎತ್ತಿನ ಗಾಡಿ ಬಿಟ್ಟರೆ ಗತಿ ಇರಲಿಲ್ಲ. ಬರದಲ್ಲಿ ಎತ್ತಿಗೂ ಮೇವಿಲ್ಲ, ನೀರಿಲ್ಲ. ಸಂಸ್ಥಾನದವರು ರೈಲಿನ ಹಿಂದೆ ಅಷ್ಟು ಜೋರಾಗಿ ಬಿದ್ದಿದ್ದು ಈ ಪಾಠದಿಂದಲೇ. 1882ಕ್ಕೆ ಬೆಂಗಳೂರು–ಮೈಸೂರು ಮುಗೀತು. 1884ಕ್ಕೆ ತುಮಕೂರು ದಾಟಿ ಗುಬ್ಬಿ ತನಕ ರೈಲು ಬಂತು. 1889ಕ್ಕೆ ಹರಿಹರ ತಲುಪಿ, ಪುಣೆ ಕಡೆಯ ಹಳಿಗೆ ಸೇರಿಕೊಂಡಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ರಸ್ತೆ ಪುಣೆಗೆ ಶಿರಾ ಮೇಲೆ ಹೋಗ್ತಿತ್ತು. ರೈಲೂ ಪುಣೆ ಕಡೆಗೇ ಹೊರಟಿದ್ದು, ಆದರೆ ಗುಬ್ಬಿ ಕಡೆ ತಿರುಗಿತು. ಅಷ್ಟೇ ಆಗಿದ್ದು. ತೆಂಗಿನ ಸೀಮೆಗೆ ಹಳಿ ಸಿಕ್ತು, ಕಡಲೆಕಾಯಿ ಸೀಮೆಗೆ ಸಿಗಲಿಲ್ಲ. ತಿಪಟೂರಿನ ಕೊಬ್ಬರಿ ಮಾರ್ಕೆಟ್ ಗೊತ್ತಲ್ಲ? ಅಲ್ಲಿನ ಹರಾಜಿನ ರೇಟ್ ಅಂದ್ರೆ ಇಡೀ ದೇಶದ ಕೊಬ್ಬರಿ ವ್ಯಾಪಾರಿಗಳು ಕಿವಿ ನೆಟ್ಟಗೆ ಮಾಡ್ತಾರೆ. ಅರಸೀಕೆರೆ ಜಂಕ್ಷನ್ ಆಯ್ತು. ಪೂರ್ವದಲ್ಲಿ ಹಿಂದೂಪುರ ಹುಣಸೆಹಣ್ಣು, ಬೆಲ್ಲದ ದೊಡ್ಡ ಪೇಟೆಯಾಗಿ ಬೆಳೀತು. ನಡುವಿನ ನಾಲ್ಕು ಊರಿನ ರೈತ ಮಾತ್ರ ಗಾಡಿ ಕಟ್ಟಿಕೊಂಡು ಒಂದೋ ಆ ಕಡೆ ಹೋಗಬೇಕು, ಇಲ್ಲಾ ಈ ಕಡೆ. ನಾನು ಕಾಮರ್ಸ್ ಓದಿದವನು, ಈ ವಿಷಯ ನನ್ನನ್ನ ಕಾಡೋದು ಲೆಕ್ಕದ ರೂಪದಲ್ಲಿ. ಹಳಿ ಹಾಕಿದ ಖರ್ಚಿಗೆ ಕಾಲಂ ಇದೆ. ಹಳಿ ಹಾಕದೇ ಇದ್ದಿದ್ದರ ಖರ್ಚಿಗೆ ಯಾವ ಲೆಡ್ಜರಲ್ಲೂ ಕಾಲಂ ಇಲ್ಲ. ಅದನ್ನ 140 ವರ್ಷ ಗಾಡಿ ಬಾಡಿಗೆ, ಲಾರಿ ಬಾಡಿಗೆ ರೂಪದಲ್ಲಿ ಕಟ್ಟಿದ್ದು ರೈತರು.

ಪಾವಗಡದ ಕಥೆಗೆ ಇನ್ನೊಂದು ತಿರುವು ಇದೆ. 1800ರಲ್ಲಿ ನಿಜಾಮ ಈಗಿನ ಬಳ್ಳಾರಿ, ಅನಂತಪುರ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮಡಕಶಿರಾ ಮದ್ರಾಸ್ ಕಡೆ ಹೋಯ್ತು, ಪಾವಗಡ ಮೈಸೂರಲ್ಲೇ ಉಳೀತು. ಆ ಗೆರೆ ಹಾಗೇ ರಾಜ್ಯದ ಗಡಿ ಆಯ್ತು. ಇವತ್ತಿಗೂ ಮಧುಗಿರಿಯಿಂದ ಪಾವಗಡಕ್ಕೆ ಬಸ್ ಹತ್ತಿದರೆ ನಡುವೆ ಆಂಧ್ರ ದಾಟಬೇಕು. ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಪಕ್ಕದ ರಾಜ್ಯದ ಮೇಲೆ ಹೋಗೋ ತಾಲ್ಲೂಕು! ರಸ್ತೆ ಯಾರು ರಿಪೇರಿ ಮಾಡಬೇಕು, ಪರ್ಮಿಟ್ ಯಾರದ್ದು, ಎಲ್ಲದಕ್ಕೂ ಎರಡು ಸರ್ಕಾರ.

ಹೊಸ ಹಳಿಯ ವಿಷಯಕ್ಕೆ ಬರೋಣ. 2007–08ರ ರೈಲ್ವೆ ಬಜೆಟ್, ಲಾಲು ಪ್ರಸಾದ್ ಮಂತ್ರಿ. ತುಮಕೂರು–ರಾಯದುರ್ಗ ಮಾರ್ಗಕ್ಕೆ ಒಪ್ಪಿಗೆ ಸಿಕ್ತು, ಸುಮಾರು 207 ಕಿ.ಮೀ. ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗ. 2011–12ರಲ್ಲಿ, ಮಮತಾ ಬ್ಯಾನರ್ಜಿ ಮಂತ್ರಿಯಾಗಿದ್ದಾಗ, ತುಮಕೂರು–ದಾವಣಗೆರೆ ನೇರ ಮಾರ್ಗ, ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ, ಸುಮಾರು 191 ಕಿ.ಮೀ. ಇದು ಮುಗಿದರೆ ಬೆಂಗಳೂರು–ದಾವಣಗೆರೆ ರೈಲು ಪ್ರಯಾಣ ಸುಮಾರು 65 ಕಿ.ಮೀ. ಕಮ್ಮಿ ಆಗುತ್ತೆ. ಅಂದ್ರೆ 1884ರಲ್ಲಿ ಗುಬ್ಬಿ ಕಡೆ ತಿರುಗಿದ ರೈಲು, 127 ವರ್ಷ ಆದ ಮೇಲೆ, ಹಳೇ ಪುಣೆ ರಸ್ತೆ ಕಡೆ ಬರ್ತೀನಿ ಅಂತ ಕಾಗದದ ಮೇಲೆ ಒಪ್ಪಿಕೊಳ್ತು.

ಕಾಗದದ ಮೇಲೆ ಅಂತ ಬೇಕಂತಲೇ ಹೇಳಿದೆ. ಎರಡೂ ಮಾರ್ಗದಲ್ಲಿ ಅರ್ಧ ಖರ್ಚು ರಾಜ್ಯದ್ದು, ಅರ್ಧ ಕೇಂದ್ರದ್ದು. ಕೇಳೋಕೆ ಚೆನ್ನಾಗಿದೆ. ಆದರೆ ಇಬ್ಬರ ದುಡ್ಡೂ ಒಂದೇ ಸಮಯಕ್ಕೆ ಬರಬೇಕು, ಜಮೀನೂ ಸಿಗಬೇಕು. ರಾಯದುರ್ಗ ಮಾರ್ಗದಲ್ಲಿ ಮೊದಲು ಮುಗಿದಿದ್ದು ಆಂಧ್ರದ ತುದಿ. ರಾಯದುರ್ಗದಿಂದ ಕದಿರಿದೇವರಪಲ್ಲಿ ತನಕ 63 ಕಿ.ಮೀ. ನಮ್ಮ ತುದಿ ಜಮೀನಿನ ಫೈಲಲ್ಲೇ ವರ್ಷಗಟ್ಟಲೆ ಕೂತಿತ್ತು. 2024ರಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣ ಅವರೇ ರೈಲ್ವೆ ರಾಜ್ಯ ಸಚಿವರಾದರು, ಫೈಲಿಗೆ ಜೀವ ಬಂತು. ಒಳ್ಳೇದೇ. ಆದರೆ ನಮ್ಮೂರಿನವರೇ ಮಂತ್ರಿ ಆಗೋ ತನಕ ಒಂದು ಹಳಿ ಕಾಯಬೇಕು ಅನ್ನೋದನ್ನ ಪ್ಲಾನಿಂಗ್ ಅಂತ ಕರೆಯೋಕೆ ನನಗೆ ಸ್ವಲ್ಪ ಕಷ್ಟ.

ಇದರ ಪಕ್ಕದಲ್ಲಿ ಪಾವಗಡದ ಸೋಲಾರ್ ಪಾರ್ಕ್ ಇಟ್ಟು ನೋಡಿ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಗುತ್ತಿಗೆಗೆ ತಗೊಂಡರು. ಅದಕ್ಕೆ ಕಂಪನಿ ಹುಟ್ಟಿದ್ದು 2015ರಲ್ಲಿ, ಉದ್ಘಾಟನೆ ಆಗಿದ್ದು 2018ರಲ್ಲಿ, ಪೂರ್ತಿಯಾಗಿದ್ದು 2019ರ ಕೊನೆಗೆ. ಪಾವಗಡದಿಂದ ಕರೆಂಟ್ ಆಚೆ ಹೋಗೋಕೆ ದಾರಿ ಐದು ವರ್ಷದೊಳಗೆ ಸಿಕ್ತು. ಅದಕ್ಕಿಂತ ಎಂಟು ವರ್ಷ ಮೊದಲೇ ಮಂಜೂರಾದ ಜನರ ದಾರಿ ಮಾತ್ರ ಹಿಂದೆ ಬಿತ್ತು.

ಜನ ಹೇಗೆ ಓಡಾಡ್ತಾರೆ ಅಂತ ನೆನಪಿಸಬೇಕಾ? 2022ರ ಮಾರ್ಚ್ 19, ಶನಿವಾರ ಬೆಳಗ್ಗೆ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರ್ತಿದ್ದ ಖಾಸಗಿ ಬಸ್ ಪಳವಳ್ಳಿ ಹತ್ತಿರ ಪಲ್ಟಿ ಹೊಡೀತು. ಬಸ್ ತುಂಬಿ ಟಾಪ್ ಮೇಲೂ ಜನ ಇದ್ದರು. ಕಾಲೇಜಿಗೆ ಹೊರಟಿದ್ದ ಮಕ್ಕಳೂ ಸೇರಿ ಹಲವರು ಸತ್ತರು. ಆ ದಾರಿಯಲ್ಲಿ ಸರ್ಕಾರಿ ಬಸ್ ಸಾಲಲ್ಲ ಅನ್ನೋ ದೂರು ಆಗ ಜೋರಾಗಿ ಕೇಳಿಬಂತು. ಮುಂದಿನ ವರ್ಷ, 2023ರ ಜೂನ್ 11ಕ್ಕೆ, ಶಕ್ತಿ ಯೋಜನೆ ಶುರುವಾಗಿ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಫ್ರೀ ಆಯ್ತು. ಆದರೆ ಖಾಸಗಿ ಬಸ್ಸೇ ಓಡೋ ಊರಲ್ಲಿ ಆ ಫ್ರೀ ಟಿಕೆಟ್ ತಗೊಂಡು ಏನು ಮಾಡೋದು?

ನನಗನ್ನಿಸೋದು, ಬಸ್ ಮತ್ತು ರೈಲನ್ನ ಬೇರೆ ಬೇರೆ ಇಲಾಖೆ ಬೇರೆ ಬೇರೆ ಟೇಬಲ್ ಮೇಲೆ ಇಟ್ಟುಕೊಂಡು ಕೂತರೆ ಇದು ಸರಿಹೋಗಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಇರೋದು ತುಮಕೂರು–ಶಿರಾ ಹೆದ್ದಾರಿ ಕಡೆ, ಕೊರಟಗೆರೆಗೂ ದೂರ ಅಲ್ಲ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರಿಗೆ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಅಲ್ಲಿನ ಶಿಫ್ಟ್ ಬಿಡೋ ಹೊತ್ತಿಗೆ ಮಧುಗಿರಿ ಹುಡುಗಿಗೆ ವಾಪಸ್ ಹೋಗೋಕೆ ಗಾಡಿ ಇಲ್ಲ ಅಂದ್ರೆ ಅವಳು ಬೆಂಗಳೂರಲ್ಲಿ ಪಿಜಿ ಹುಡುಕ್ತಾಳೆ. ಹುಡುಗನಾದರೆ ಸಾಲ ಮಾಡಿ ಬೈಕ್ ತಗೋತಾನೆ.

ಹಾಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರಿಗೆ ನನ್ನದೊಂದು ಕೋರಿಕೆ. ರೈಲು ಯಾವಾಗ ಬರುತ್ತೆ ಅಂತ ಎಲ್ಲರೂ ಕೇಳ್ತಾರೆ. ನೀವು ಇನ್ನೆರಡು ಪ್ರಶ್ನೆ ಕೇಳಿ. ಒಂದು, ಸ್ಟೇಷನ್ ಬಸ್ ಸ್ಟ್ಯಾಂಡಿಂದ ಎಷ್ಟು ದೂರ? ಎರಡು, ಬೆಳಗ್ಗೆ ಮೊದಲ ರೈಲಿಗೆ ಹಳ್ಳಿಯಿಂದ ಬಸ್ ಎಷ್ಟೊತ್ತಿಗೆ? ನಿಮ್ಮ ತಾಲ್ಲೂಕಲ್ಲಿ ಯಾವ ಉತ್ತರ ಸಿಕ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಅವನ್ನೇ ಪ್ಲೇ ಮಾಡ್ತೀನಿ.