ಸ್ತ್ರೀರೋಗವೂ ಕನ್ನಡ ನುಡಿಯೂ

ಹೆಂಗಸರ ಗುಹ್ಯರೋಗಗಳ ಚರಿತ್ರೆಯನ್ನು ಆಸ್ಪತ್ರೆಗಳ ಸ್ಥಾಪನೆ, ಔಷಧಗಳ ಶೋಧನೆ ಮುಂತಾದ ಸಂಗತಿಗಳ ಮೂಲಕ ಬರೆಯುವುದು ವಾಡಿಕೆ. ರೋಗಿಯಾದವಳು ವೈದ್ಯರ ಮುಂದೆ ತನ್ನ ಬಾಧೆಯನ್ನು ಯಾವ ಮಾತಿನಿಂದ ಹೇಳಿಕೊಂಡಳೆಂಬ ಪ್ರಶ್ನೆಯನ್ನೆತ್ತುವುದು ಅಪೂರ್ವ. ಆದರೆ ಚಿಕಿತ್ಸೆಗೆ ಮೊದಲ ಮೆಟ್ಟಿಲು ಮಾತು. ಕನ್ನಡನಾಡಿನಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ಈ ಮಾತು ಬೆಳೆದುಬಂದ ಬಗೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಶಾಸ್ತ್ರದಲ್ಲಿ ಶಬ್ದದಾರಿದ್ರ್ಯವಿರಲಿಲ್ಲ. ಚರಕಸಂಹಿತೆಯು 20 ಬಗೆಯ ಯೋನಿವ್ಯಾಪತ್ತುಗಳನ್ನು ಹೆಸರಿಸುತ್ತದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿ ವೈದ್ಯವನ್ನು ಕನ್ನಡಕ್ಕೆ ತಂದನು. ಕಾಮಶಾಸ್ತ್ರವು ಅದಕ್ಕೂ ಮೊದಲೇ, 11ನೆಯ ಶತಮಾನದಲ್ಲಿ, ಚಂದ್ರರಾಜನ ಮದನತಿಲಕದಿಂದ ಕನ್ನಡಕ್ಕೆ ಬಂದಿದ್ದಿತು. ಜನ್ನನ ಅನುಭವಮುಕುರ, ಕಲ್ಲರಸನ ಜನವಶ್ಯ ಇವು ಆ ಪರಂಪರೆಯನ್ನು ಮುಂದುವರಿಸಿದುವು. ಆದರೆ ಈ ಗ್ರಂಥಗಳನ್ನು ಬರೆದವರು ಗಂಡಸರು. ಓದಿದವರೂ ಬಹುಮಟ್ಟಿಗೆ ಗಂಡಸರೇ. ಕಾಮಶಾಸ್ತ್ರದಲ್ಲಿ ಸ್ತ್ರೀಯು ಮುಖ್ಯವಾಗಿ ನಾಯಿಕೆ. ವೈದ್ಯಶಾಸ್ತ್ರದಲ್ಲಿ ಆಕೆ ಗರ್ಭವನ್ನು ಧರಿಸತಕ್ಕ ಕ್ಷೇತ್ರ. ತನ್ನ ನೋವನ್ನು ತಾನೇ ನುಡಿಯುವ ವ್ಯಕ್ತಿಯಾಗಿ ಆಕೆ ಎರಡರಲ್ಲಿಯೂ ತೋರುವುದು ವಿರಳ.

ಮನೆಯ ಮಾತಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಹೆಂಗಸರಿಗೆ ಒದಗಿದ ಮಾತುಗಳು ಕೆಲವೇ. ಅವೆಲ್ಲವೂ ಮರೆಯ ಮಾತುಗಳು. ಋತುಸ್ರಾವಕ್ಕೆ ‘ಮುಟ್ಟು’ ಎಂದರು, ‘ಹೊರಗಾಗುವುದು’ ಎಂದರು. ಎರಡೂ ದೇಹದ ವ್ಯಾಪಾರವನ್ನು ಹೇಳದೆ ಮನೆಯ ಕಟ್ಟಳೆಯನ್ನು ಹೇಳುತ್ತವೆ. ಶಾಸ್ತ್ರವು ಶ್ವೇತಪ್ರದರವೆಂದುದನ್ನು ಮನೆಮಾತು ‘ಬಿಳಿಸೆರಗು’ ಎಂದಿತು. ಸೆರಗು ಉಡಿಗೆಯ ಅಂಚೂ ಹೌದು, ಮಾನವನ್ನು ಕಾಯುವ ಮರೆಯೂ ಹೌದು. ಈ ಪದವನ್ನು ಹೆಂಗಸು ಅತ್ತೆಯ ಎದುರಿನಲ್ಲಿಯೂ ಉಚ್ಚರಿಸಬಹುದಾಗಿದ್ದಿತು. ಆದಕಾರಣವೇ ಹೇಳಲಾಗದ ಬೇರೆ ಬಾಧೆಗಳೂ ಇದರ ಮರೆಯಲ್ಲಿ ಬಂದು ಸೇರಿದುವೆಂದು ಊಹಿಸಲು ಅವಕಾಶವುಂಟು.

ಆಡಳಿತವು ಈ ಕ್ಷೇತ್ರವನ್ನು ಪ್ರವೇಶಿಸಿದುದು ಬೇರೆಯ ಉದ್ದೇಶದಿಂದ. 19ನೆಯ ಶತಮಾನದಲ್ಲಿ ಬೆಂಗಳೂರು ದಂಡಿನಲ್ಲಿ ಆಂಗ್ಲ ಸೈನಿಕರನ್ನು ಮೇಹರೋಗದಿಂದ ರಕ್ಷಿಸುವ ಸಲುವಾಗಿ ವೇಶ್ಯೆಯರನ್ನು ಬಲಾತ್ಕಾರದಿಂದ ಪರೀಕ್ಷಿಸಿ ಕೂಡಿಹಾಕುವ ಆಸ್ಪತ್ರೆಯಿದ್ದಿತು. ಅಲ್ಲಿ ಪರೀಕ್ಷೆಯೆಂದರೆ ದಂಡನೆಯೇ. ಮೈಸೂರು ಸಂಸ್ಥಾನದ ಮಾರ್ಗ ಇದಕ್ಕಿಂತ ಉದಾರವಾದುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ಜೂನ್ 11ರ ಆಜ್ಞೆಯಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಅನುಮತಿ ದೊರೆಯಿತು. ಸರ್ಕಾರವೊಂದು ತಾನಾಗಿ ಇಂತಹ ಕಾರ್ಯವನ್ನು ಕೈಕೊಂಡುದು ಪ್ರಪಂಚದಲ್ಲಿಯೇ ಮೊದಲೆಂದು ಗಣಿಸಲ್ಪಟ್ಟಿದೆ. 1935ರಲ್ಲಿ ಬೆಂಗಳೂರಿನ ಕೋಟೆಯ ಬಳಿ ವಾಣೀವಿಲಾಸ ಆಸ್ಪತ್ರೆಯು ಹೆಂಗಸರಿಗೂ ಮಕ್ಕಳಿಗೂ ತೆರೆಯಿತು. ಆದರೆ ಈ ಪ್ರಯತ್ನಗಳ ಗುರಿ ಹೆರಿಗೆ ಮತ್ತು ಸಂತಾನಸಂಖ್ಯೆ. ದಾಂಪತ್ಯದಲ್ಲಿ ನೋವುಣ್ಣುವವಳ ಪ್ರಶ್ನೆ ಅವುಗಳ ಹೊರಗೇ ಉಳಿಯಿತು.

ಸೌಲಭ್ಯ ಮಾತ್ರ ಸಾಲದೆಂಬುದಕ್ಕೆ ರಾಮನಗರದ ಪ್ರಯೋಗವು ನಿದರ್ಶನ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿ ಋತುಚಕ್ರದ ದಿನಗಳನ್ನೆಣಿಸಿ ಗರ್ಭವನ್ನು ತಡೆಯುವ ಕ್ರಮವನ್ನು ಕಲಿಸತೊಡಗಿದರು. ಎಣಿಕೆಗೆ ಬಣ್ಣದ ಮಣಿಗಳ ಮಾಲೆಯನ್ನೂ ಕೊಟ್ಟರು. ಅದನ್ನು ಬಿಡದೆ ಅನುಸರಿಸಿದ ದಂಪತಿಗಳು ಕೆಲವರೇ. ಮಣಿ ಎಣಿಸುವುದು ಸುಲಭ. ಎಣಿಸಿದುದನ್ನು ಗಂಡನಿಗೆ ಹೇಳಿ ಒಪ್ಪಿಸುವುದು ಸುಲಭವಲ್ಲ.

ಈ ಕೊರತೆಯನ್ನು ತುಂಬಲು ಮುಂದಾದವರಲ್ಲಿ ಡಾ. ಅನುಪಮಾ ನಿರಂಜನ (1934–1991) ಅವರು ಅಗ್ರಗಣ್ಯರು. ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಅವರು ತಾಯಿ-ಮಗು, ಕೇಳು ಕಿಶೋರಿ, ವಧುವಿಗೆ ಕಿವಿಮಾತು, ದಾಂಪತ್ಯ ದೀಪಿಕೆ ಮುಂತಾದ ಗ್ರಂಥಗಳನ್ನು ಬರೆದರು. ಈ ಹೆಸರುಗಳೇ ವಿಚಾರಾರ್ಹವಾದುವು. ‘ಕೇಳು’ ಎಂಬುದು ಹಿರಿಯಳು ಕಿರಿಯಳನ್ನು ಕರೆಯುವ ರೀತಿ. ‘ಕಿವಿಮಾತು’ ಮದುವಣಗಿತ್ತಿಗೆ ಹತ್ತಿರದ ಹೆಂಗಸರು ಹೇಳುವ ಗುಟ್ಟಿನ ಬುದ್ಧಿ. ಮನೆಯೊಳಗಣ ಮಾತಿನ ಸಲಿಗೆಯನ್ನು ಬಿಡದೆ, ಅದರೊಳಕ್ಕೆ ಶಾಸ್ತ್ರದ ತಿಳಿವಳಿಕೆಯನ್ನು ತಂದುದು ಅವರ ವಿಶೇಷ. ಓದುಬಲ್ಲ ಹೆಂಗಸು ಯಾರನ್ನೂ ಕೇಳದೆ ತನ್ನ ದೇಹದ ವಿಷಯವನ್ನು ಕನ್ನಡದಲ್ಲಿಯೇ ತಿಳಿಯುವುದು ಇದರಿಂದ ಸಾಧ್ಯವಾಯಿತು.

ಇದೇ ಕಾಲದಲ್ಲಿ ಬೆಂಗಳೂರಿನ ದಕ್ಷಿಣಭಾಗವು ಬೆಳೆಯುತ್ತಿದ್ದಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಅದರ ನೆರೆಯಲ್ಲಿ, ಹೊಸೂರು ರಸ್ತೆಯಲ್ಲಿ, ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಡಾ. ಎಸ್. ಕೆ. ಚತುರ್ವೇದಿಯವರು ಬಿಳಿಸೆರಗಿನೊಡನೆ ನಿಶ್ಶಕ್ತಿ, ಮೈಕೈನೋವುಗಳನ್ನು ಹೇಳಿಕೊಳ್ಳುವ ಹೆಂಗಸರ ವಿಷಯವಾಗಿ 1988ರಲ್ಲಿ ಪ್ರಕಟಿಸಿದ ಲೇಖನವು, ಈ ದೂರಿಗೆ ಮನಸ್ಸಿನ ಕ್ಲೇಶದೊಡನೆ ಸಂಬಂಧವುಂಟೆಂಬುದನ್ನು ಎತ್ತಿತೋರಿಸಿತು. ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯ ಜೆ. ಸಿ. ಭಾಟಿಯಾ ಅವರು ಜಾನ್ ಕ್ಲೆಲೆಂಡರೊಡನೆ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರ್ನಾಟಕದ ಸುಮಾರು 3,600 ತಾಯಂದಿರನ್ನು ವಿಚಾರಿಸಲಾಗಿ, ಸುಮಾರು ಮೂರನೆಯ ಒಂದು ಪಾಲು ಹೆಂಗಸರು ಇಂತಹ ಯಾವುದಾದರೊಂದು ಬಾಧೆಯನ್ನು ತಿಳಿಸಿದರು. ಕೇಳುವವರಿದ್ದರೆ ಹೇಳುವವರೂ ಉಂಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಾಸನೆ, ನವೆ, ನೋವುಗಳಿಲ್ಲದ ಬಿಳಿಸ್ರಾವವು ಬಹುಮಟ್ಟಿಗೆ ಸ್ವಾಭಾವಿಕವೆಂದೂ, ಇವು ಕೂಡಿದ ಸ್ರಾವ, ಸಂಗಮಾನಂತರದ ರಕ್ತ, ಸಂಗಮಕಾಲದ ನೋವು ಇವು ಪರೀಕ್ಷೆಗೆ ಅರ್ಹವೆಂದೂ ಇಂದಿನ ವೈದ್ಯವು ಹೇಳುತ್ತದೆ. ಮೊದಲನೆಯದಕ್ಕೆ ಅಂಜಿ ಕೃಶಳಾಗುವುದೂ ಎರಡನೆಯದನ್ನು ಸಹಜವೆಂದು ಸಹಿಸುವುದೂ ಒಂದೇ ಅಜ್ಞಾನದ ಎರಡು ಫಲಗಳು. ಸಂಗಮಾನಂತರದ ರಕ್ತವು ಕೆಲವೊಮ್ಮೆ ಗರ್ಭಕೋಶದ ಕೊರಳಿನ ಅರ್ಬುದದ ಸೂಚನೆಯಾದುದರಿಂದ ಈ ಮೌನಕ್ಕೆ ಪ್ರಾಣವೇ ಬೆಲೆಯಾಗಬಹುದು. ಚರಕನ 20 ಹೆಸರುಗಳಿಗೂ ಮನೆಯ ಒಂದು ಹೆಸರಿಗೂ ನಡುವೆ ಕನ್ನಡದಲ್ಲಿ ಬಹುಕಾಲ ಸೇತುವೆಯಿರಲಿಲ್ಲ. ಬಿಳಿಸೆರಗೆಂಬ ಪದವನ್ನು ಗ್ರಾಮ್ಯವೆಂದು ತಳ್ಳಬೇಕಾದುದಿಲ್ಲ, ಅದು ಬಾಗಿಲು. ಅದನ್ನು ತೆರೆದು ಒಳಗಿನ ಬೇರೆ ಬಾಧೆಗಳಿಗೂ ಹೆಸರು ಕೊಡುವ ಕಾರ್ಯ ವೈದ್ಯರಿಗೆ ಎಷ್ಟು ಸೇರಿದುದೋ, ನುಡಿಯನ್ನು ಕಲಿಸುವವರಿಗೂ ಅಷ್ಟೇ ಸೇರಿದುದು.