ಅಂಕಣದ ಮನೆಯೂ ಅದರ ಬೆಲೆಯೂ

ಬಳ್ಳಾರಿ ಸೀಮೆಯ ಹಿರಿಯರು ಮನೆಯ ವಿಸ್ತಾರವನ್ನು ಅಂಕಣಗಳಿಂದ ಎಣಿಸುತ್ತಿದ್ದರು. ಕಂಬದಿಂದ ಕಂಬಕ್ಕಿರುವ ಎಡೆಯೇ ಅಂಕಣವು. ಈ ಎಣಿಕೆಗೆ ಕಾರಣವುಂಟು. ಬಳ್ಳಾರಿ, ಕುರುಗೋಡುಗಳಲ್ಲಿ ಬೆಟ್ಟದ ಕಲ್ಲು ಊರ ಮಗ್ಗುಲಲ್ಲಿಯೇ ದೊರೆಯುತ್ತಿತ್ತು. ಸಿರುಗುಪ್ಪದ ಎರೆಯ ಬಯಲಿನಲ್ಲಿ ಮಣ್ಣಿಗೆ ಕೊರತೆಯಿರಲಿಲ್ಲ. ಮಳೆ ಕಡಿಮೆಯಾದ ಈ ನಾಡಿನಲ್ಲಿ ದುರ್ಲಭವಾದುದು ಒಳ್ಳೆಯ ಮರವೊಂದೇ. ಆದುದರಿಂದ ಮನೆಯ ಬೆಲೆಯು ಹೊರಗೋಡೆಗಿಂತ ಹೆಚ್ಚಾಗಿ ಒಳಗಣ ಕಂಬ, ತೊಲೆ, ಬಾಗಿಲುವಾಡಗಳಲ್ಲಿ ಅಡಗಿದ್ದಿತು.

ಆ ಮರದ ಮೇಲೆ ನಿಂತುದು ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಜಂತಿ, ಅದರ ಮೇಲೆ ಕಡ್ಡಿಸೊಪ್ಪು, ಅದರ ಮೇಲೆ ದಪ್ಪನಾದ ಮಣ್ಣು, ಎಲ್ಲಕ್ಕೂ ಮೇಲೆ ಚೌಳುಮಣ್ಣು. ನೀರು ತಾಗಿದೊಡನೆ ಚೌಳು ಅಂಟಾಗಿ ಸಂದುಗಳನ್ನು ಮುಚ್ಚಿಕೊಳ್ಳುವುದು. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರಿದರೂ ಪಡಸಾಲೆಯು ತಂಪಾಗಿರುವುದು. ಮಾಳಿಗೆಯ ಗವಾಕ್ಷಿಯಿಂದ ನಡುಮನೆಗೆ ಬೆಳಕು ಇಳಿಯುವುದು. ಆದರೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿಸದ ಮನೆಯು ಸೋರುವುದು, ಸೋರಿದ ಮನೆಯ ತೊಲೆಯು ಕೊಳೆಯುವುದು.

ಮನೆಯ ಒಡಲು ಬೇರೆ, ಬೆಲೆ ಬೇರೆ ಆಗಬಹುದೆಂಬುದನ್ನು ಬರಗಾಲಗಳು ತೋರಿಸಿಕೊಟ್ಟವು. 1876ರಿಂದ 1878ರ ವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಘೋರವಾಗಿ ಪೀಡಿಸಿತು. ಅಂತಹ ಕಾಲದಲ್ಲಿ ದನಕರು, ಪಾತ್ರೆಪದಾರ್ಥಗಳು ಮಾರಿಹೋದ ಮೇಲೆ ಕದವನ್ನೂ ತೊಲೆಯನ್ನೂ ಕಿತ್ತು ಮಾರುವುದೇ ಬಡವನಿಗುಳಿದ ದಾರಿ. ಮರ ಹೋದ ಮನೆಯು ಒಂದೆರಡು ಮಳೆಗೇ ಮಣ್ಣುಗುಡ್ಡೆಯಾಗುತ್ತಿತ್ತು.

ಕೆಲವೇ ವರ್ಷಗಳ ತರುವಾಯ, 1882ರ ಸ್ವತ್ತು ವರ್ಗಾವಣೆಯ ಶಾಸನವು ತನ್ನ 8ನೆಯ ಕಲಮಿನಲ್ಲಿ ಬೇರೊಂದು ನಿಯಮವನ್ನು ಹೇಳಿತು: ಬೇರೆ ಮಾತಾಗಿರದಿದ್ದಲ್ಲಿ, ಮನೆಯನ್ನು ಮಾರಿದಾಗ ಬೀಗ, ಬೀಗದ ಕೈ, ಅಗಳಿ, ಬಾಗಿಲು, ಕಿಟಕಿ ಮೊದಲಾಗಿ ಅದರ ಶಾಶ್ವತ ಉಪಯೋಗಕ್ಕಾಗಿ ಇರುವುದೆಲ್ಲವೂ ಕೊಂಡವನಿಗೆ ಸಲ್ಲತಕ್ಕದ್ದು. ಮನೆಯೂ ಅದರ ಒಳಾಂಗಗಳೂ ಒಂದೇ ಸ್ವತ್ತೆಂಬುದೇ ಇದರ ಹೃದಯ.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂದಿತು. ಸಿರುಗುಪ್ಪದ ಬಯಲು ಬತ್ತದ ಗದ್ದೆಯಾಯಿತು. ಕೈಯಲ್ಲಿ ಹಣವೂ ಊರಿಗೆ ಸಿಮೆಂಟೂ ಬಂದವು. ಈಗ ಹಳೆಯ ಮನೆಯನ್ನು ಕೊಂಡು, ಹಸನುಮಾಡಿ, ಲಾಭಕ್ಕೆ ಮಾರುವವರುಂಟು. ಮೊದಲು ಕೆತ್ತನೆಯ ಬಾಗಿಲನ್ನು ಕಿತ್ತು ಬೇರೆಯಾಗಿ ಮಾರಿ, ಗವಾಕ್ಷಿಯನ್ನು ಮುಚ್ಚಿ, ಹೊಳೆಯುವ ನೆಲಹಾಸನ್ನು ಹಾಸುವುದು ಅವರಲ್ಲಿ ಕೆಲವರ ಪದ್ಧತಿ. ಬರಗಾಲದ ಬಡವನು ಹೊಟ್ಟೆಗಾಗಿ ಮಾಡಿದುದನ್ನು ಇವರು ಉಳ್ಳ ಕಾಲದಲ್ಲಿ ಮಾಡುತ್ತಿರುವರು.

ಸೋರಿಕೆಯನ್ನು ನಿಲ್ಲಿಸಿ, ತೊಲೆಗೆ ಎಣ್ಣೆ ಬಳಿದು, ಗೋಡೆಗೆ ಸುಣ್ಣವಿಟ್ಟು, ಬಚ್ಚಲಿಗೂ ಅಡಿಗೆಮನೆಗೂ ನಲ್ಲಿಯ ನೀರನ್ನು ತಂದರೆ ಹಳೆಯ ಮನೆಯು ಹೊಸ ಸಂಸಾರಕ್ಕೆ ಒದಗುವುದು, ಬೆಲೆಯೂ ಏರುವುದು. ಕೊಳ್ಳುವವನು ಬಣ್ಣವನ್ನು ಒಂದು ದಿನ ನೋಡುವನು. ತಂಪನ್ನೂ ಬೆಳಕನ್ನೂ ಬಾಳುವಷ್ಟು ದಿನ ಅನುಭವಿಸುವನು.